ಚಕ್ಕೋತದ ಮೇಲೊಂದು ದಾರ: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ, ಎಷ್ಟು ಹೊತ್ತು?

ಹೋದ ಚಳಿಗಾಲದಲ್ಲಿ ನಮ್ಮ ಅತ್ತಿಗೆ ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದರು. ಒಂದು ಸಂಜೆ ಟಿಕೆಟ್ಟಿನ ಪ್ರಿಂಟು ಹಿಡಿದುಕೊಂಡು ಅಡುಗೆಮನೆಗೆ ಬಂದರು. ಬೆಂಗಳೂರಿನಿಂದ ಶುಕ್ರವಾರ ಬೆಳಗಿನ ಜಾವ 3.30ಕ್ಕೆ ಹೊರಡುವುದು, ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವುದು, ಅದೇ ಶುಕ್ರವಾರ ಮಧ್ಯಾಹ್ನ 2 ಗಂಟೆಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುವುದು ಎಂದು ಅದರಲ್ಲಿ ಬರೆದಿತ್ತು.

"ಹತ್ತೂವರೆ ಗಂಟೆ ಅಲ್ವೇನಪ್ಪಾ? ಎಲ್ಲರೂ ಒಂದು ದಿನ ಹಿಡಿಯುತ್ತೆ ಅಂತ ಹೆದರಿಸ್ತಾರಲ್ಲ, ಯಾಕೆ?" ಅಂದರು.

ಪ್ರಿಂಟಿನಲ್ಲಿದ್ದ ಯಾವ ಅಂಕಿಯೂ ತಪ್ಪಲ್ಲ. ಆದರೆ ಆ ಪ್ರಯಾಣ ಹತ್ತೂವರೆ ಗಂಟೆಯದಲ್ಲ, ಸರಿಯಾಗಿ ಇಪ್ಪತ್ತನಾಲ್ಕು ಗಂಟೆಯದು. ದೂರದ ಲೆಕ್ಕವೂ ಅಷ್ಟೇ ಗೊಂದಲದ್ದು. ಫೋನಿನಲ್ಲಿ ಹುಡುಕಿದ ಮಗಳು 14 ಸಾವಿರ ಕಿಲೋಮೀಟರ್ ಅಂದಿದ್ದಳು. ಟಿಕೆಟ್ ಮಾಡಿಕೊಟ್ಟವರು ಹದಿನಾರೂವರೆ ಸಾವಿರ ಅಂದಿದ್ದರು. ಮೂವತ್ತು ವರ್ಷದ ಹಿಂದೆ ಶಾಲೆಯಲ್ಲಿ ನೋಡಿದ ಗೋಡೆಯ ನಕ್ಷೆಯನ್ನು ನೆನಪಿಸಿಕೊಂಡು, ಅಮೆರಿಕ ಅಂದರೆ ಭೂಮಿಯ ಇನ್ನೊಂದು ತುದಿ, ಇಪ್ಪತ್ತು ಸಾವಿರವಾದರೂ ಇರಬೇಕು ಎಂದು ನಮ್ಮಣ್ಣ ಹೇಳುತ್ತಿದ್ದರು. ಮೂವರ ಅಂಕಿಗೂ ಆಧಾರವಿದೆ. ಎರಡು ಊರುಗಳ ನಡುವೆ ಒಂದೇ ದೂರ ಇರುತ್ತದೆ ಎಂದು ನಾವು ನಂಬಿಕೊಂಡಿರುವುದರಿಂದ ಈ ಮೂರು ಅಂಕಿಗಳು ಜಗಳವಾಡುವ ಹಾಗೆ ಕಾಣುತ್ತವೆ, ಅಷ್ಟೇ. ಮೈಸೂರು–ಬೆಂಗಳೂರಿನ ಮಟ್ಟಿಗೆ ಆ ನಂಬಿಕೆ ಸರಿ. ಭೂಮಿಯ ಮೂರನೇ ಒಂದು ಭಾಗ ಸುತ್ತಿ ಹೋಗಬೇಕಾದಾಗ ಅದು ಕೆಲಸಕ್ಕೆ ಬರುವುದಿಲ್ಲ.

ಭೂಗೋಳದ ಪಾಠ ಮಾಡಿ ವರ್ಷಗಳು ಕಳೆದವನು ನಾನು. ಇದು ಬಾಯಿಮಾತಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಕೈಗೆ ಗುಂಡಗಿನ ವಸ್ತುವೊಂದು ಬೇಕು ಎಂಬುದು ನನಗೆ ಗೊತ್ತು. ದೇವನಹಳ್ಳಿ ಕಡೆಯಿಂದ ತಂದ ಚಕ್ಕೋತ ಹಣ್ಣು ಬುಟ್ಟಿಯಲ್ಲಿತ್ತು. ಅತ್ತಿಗೆ ವಿಮಾನ ಹತ್ತಬೇಕಾದದ್ದೂ ದೇವನಹಳ್ಳಿಯಲ್ಲೇ. 2008ರ ಮೇ ತಿಂಗಳಲ್ಲಿ ಅಲ್ಲಿ ವಿಮಾನ ನಿಲ್ದಾಣ ಶುರುವಾಗುವ ಮೊದಲು, ಆ ಊರೆಂದರೆ ಟಿಪ್ಪು ಹುಟ್ಟಿದ ಕೋಟೆ ಮತ್ತು ಈ ಚಕ್ಕೋತ. ಹಣ್ಣಿಗೆ ಜಿಐ ಮಾನ್ಯತೆಯೂ, ಅಂದರೆ ಇದು ಈ ಊರಿನದೇ ವಿಶೇಷ ಬೆಳೆ ಎಂಬ ಸರ್ಕಾರಿ ಗುರುತೂ, ಸಿಕ್ಕಿದೆ. ರುಚಿ ಆಮೇಲಿನ ಮಾತು, ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಅದರ ಆಕಾರ.

ತೊಟ್ಟು ಇರುವ ಕಡೆ ಉತ್ತರ ಧ್ರುವ, ಅದರ ಎದುರು ದಕ್ಷಿಣ ಧ್ರುವ. ಹೊಟ್ಟೆಯ ಸುತ್ತ ಪೆನ್ನಿನಲ್ಲಿ ಒಂದು ಗೆರೆ ಎಳೆದೆ, ಅದು ಸಮಭಾಜಕ ವೃತ್ತ. ಬೆಂಗಳೂರು ನಿಲ್ದಾಣ ಇರುವುದು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಗೆರೆಯಿಂದ ತೊಟ್ಟಿನವರೆಗಿನ ದೂರದಲ್ಲಿ ಸುಮಾರು ಏಳನೇ ಒಂದು ಪಾಲು ಮೇಲಕ್ಕೆ ಒಂದು ಗುಂಡುಪಿನ್ನು ಚುಚ್ಚಿದೆ. ಸ್ಯಾನ್ ಫ್ರಾನ್ಸಿಸ್ಕೊ 37.6 ಡಿಗ್ರಿಯಲ್ಲಿದೆ, ಐದರಲ್ಲಿ ಎರಡು ಪಾಲಿಗಿಂತ ತುಸು ಮೇಲೆ. ಆದರೆ ಆ ಪಿನ್ನು ಚುಚ್ಚುವುದಕ್ಕೆ ಹಣ್ಣನ್ನು ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ತಿರುಗಿಸಬೇಕಾಯಿತು. ಎರಡು ಊರುಗಳ ರೇಖಾಂಶಗಳ ಅಂತರ 160 ಡಿಗ್ರಿ. 180 ಇದ್ದಿದ್ದರೆ ಒಂದಕ್ಕೊಂದು ಸರಿಯಾಗಿ ಬೆನ್ನು ಮಾಡಿ ನಿಂತಿರುತ್ತಿದ್ದವು.

ಹೂ ಕಟ್ಟುವ ದಾರ ತಂದು ಅತ್ತಿಗೆಯ ಕೈಗೇ ಕೊಟ್ಟು, ಎರಡು ಪಿನ್ನುಗಳ ನಡುವೆ ಬಿಗಿಯಾಗಿ ಎಳೆಯಿರಿ ಅಂದೆ. ಮೊದಲು ಅವರು ದಾರವನ್ನು ಹಣ್ಣಿನ ಹೊಟ್ಟೆಯ ಸುತ್ತ ಅಡ್ಡಡ್ಡ ತಂದರು. ಬಿಗಿ ಮಾಡಿದೊಡನೆ ಅದು ಜಾರಿಕೊಂಡು ಮೇಲೇರಿತು, ಏರುತ್ತ ಏರುತ್ತ ತೊಟ್ಟಿನ ಹತ್ತಿರಕ್ಕೇ ಹೋಗಿ ನಿಂತಿತು. ಸಡಿಲವಿಲ್ಲದೆ ಎಳೆದ ದಾರ ತಾನಾಗಿ ಹಿಡಿಯುವ ಆ ದಾರಿಯನ್ನೇ ಭೂಗೋಳದಲ್ಲಿ ಮಹಾವೃತ್ತದ ದಾರಿ ಅನ್ನುತ್ತಾರೆ. ಗೋಳದ ಮೇಲೆ ಎರಡು ಬಿಂದುಗಳ ನಡುವೆ ಅದಕ್ಕಿಂತ ಚಿಕ್ಕ ದಾರಿ ಇಲ್ಲ. ಆ ಚಕ್ಕೋತದ ಸುತ್ತಳತೆ ಸುಮಾರು 50 ಸೆಂಟಿಮೀಟರ್ ಇತ್ತು, ಭೂಮಿಯದು 40 ಸಾವಿರ ಕಿಲೋಮೀಟರ್. ಅಂದರೆ ದಾರದ ಒಂದು ಸೆಂಟಿಮೀಟರಿಗೆ 800 ಕಿಲೋಮೀಟರ್. ದಾರ ಹದಿನೇಳೂವರೆ ಸೆಂಟಿಮೀಟರ್ ಬಂತು. ಗುಣಿಸಿದರೆ 14 ಸಾವಿರ ಕಿಲೋಮೀಟರ್, ಮಗಳು ಫೋನಿನಲ್ಲಿ ನೋಡಿ ಹೇಳಿದ ಅದೇ ಅಂಕಿ. ಫೋನು ಮಾಡುವುದೂ ಇದೇ ಲೆಕ್ಕವನ್ನೇ. ಎರಡು ನಿಲ್ದಾಣಗಳ ಅಕ್ಷಾಂಶ, ರೇಖಾಂಶ ತೆಗೆದುಕೊಂಡು, ಭೂಮಿಯ ಕೇಂದ್ರದಲ್ಲಿ ಅವು ಮಾಡುವ ಕೋನ ಕಂಡುಹಿಡಿಯುತ್ತದೆ. ಇಲ್ಲಿ ಆ ಕೋನ ಸುಮಾರು 125.8 ಡಿಗ್ರಿ. ಒಂದು ಡಿಗ್ರಿಗೆ 111 ಕಿಲೋಮೀಟರ್ ಮೇಲೆ ಒಂದಿಷ್ಟು. ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿ ಹುಟ್ಟಿದ್ದೂ ಇಲ್ಲಿಂದಲೇ: ಡಿಗ್ರಿಯ ಅರವತ್ತನೇ ಒಂದು ಭಾಗ ಒಂದು ನಾಟಿಕಲ್ ಮೈಲಿ, 1,852 ಮೀಟರ್.

ಆ ದಾರದ ಕೆಳಗೆ ಯಾವ ಯಾವ ನಾಡು ಬರುತ್ತವೆ ಎಂದು ನಾನು ಲೆಕ್ಕ ಹಾಕಿ ನೋಡಿದ್ದೇನೆ. ದೇವನಹಳ್ಳಿಯಿಂದ ಅದು ಪಶ್ಚಿಮಕ್ಕೂ ಹೋಗುವುದಿಲ್ಲ, ಪೂರ್ವಕ್ಕೂ ಹೋಗುವುದಿಲ್ಲ. ಉತ್ತರಕ್ಕೆ ಮುಖ ಮಾಡಿ ಇಪ್ಪತ್ತು ಡಿಗ್ರಿ ಬಲಕ್ಕೆ ವಾಲಿಕೊಂಡು ಹೊರಡುತ್ತದೆ. ತೆಲಂಗಾಣ, ಛತ್ತೀಸಗಢ, ಉತ್ತರ ಪ್ರದೇಶದ ಪೂರ್ವದ ಅಂಚು ದಾಟಿ ನೇಪಾಳದಲ್ಲಿ ಧವಳಗಿರಿ, ಅನ್ನಪೂರ್ಣಾ ಶಿಖರಗಳಿರುವ ಕಡೆ ಹಿಮಾಲಯ ಹಾಯುತ್ತದೆ. ಟಿಬೆಟ್, ಷಿನ್‌ಜಿಯಾಂಗ್, ಮಂಗೋಲಿಯಾದ ಪಶ್ಚಿಮ ಭಾಗ, ಆಮೇಲೆ ಸೈಬೀರಿಯಾದ ಕೊನೆಯಿಲ್ಲದ ಕಾಡು. 71 ಡಿಗ್ರಿ ಉತ್ತರದಲ್ಲಿ, ಪೂರ್ವ ಸೈಬೀರಿಯಾದ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಅದು ತನ್ನ ತುತ್ತತುದಿ ಮುಟ್ಟಿ ಕೆಳಕ್ಕೆ ಬಾಗುತ್ತದೆ. ಅಲಾಸ್ಕದ ನಡುಭಾಗ ಹಾದು, ಪೆಸಿಫಿಕ್ ಸಾಗರದ ಅಂಚು ಹಿಡಿದು ಕ್ಯಾಲಿಫೋರ್ನಿಯಾ ಸೇರುತ್ತದೆ. ಅಟ್ಲಾಂಟಿಕ್ಕಿನ ಒಂದು ಹನಿ ನೀರೂ ಕೆಳಗೆ ಬರುವುದಿಲ್ಲ.

ಶಾಲೆಯ ಗೋಡೆಯ ನಕ್ಷೆಯಲ್ಲಿ ಇದನ್ನು ತೋರಿಸಿದರೆ ಯಾರೂ ನಂಬರು. ಆ ನಕ್ಷೆಯಲ್ಲಿ ಅಮೆರಿಕ ಎಡಗಡೆ ಇದೆ. ಅಡಿಪಟ್ಟಿ ಇಟ್ಟು ಬೆಂಗಳೂರಿನಿಂದ ಎಡಕ್ಕೆ ಗೆರೆ ಎಳೆದರೆ ಅರಬ್ಬಿ ಸಮುದ್ರ, ಸಹಾರಾ ಮರುಭೂಮಿ, ಅಟ್ಲಾಂಟಿಕ್ ಎಲ್ಲ ದಾಟಿ ಹೋಗುತ್ತದೆ. ಆ 'ನೇರ' ಗೆರೆಯ ಉದ್ದ 20 ಸಾವಿರ ಕಿಲೋಮೀಟರ್. ನಮ್ಮಣ್ಣನ ಅಂಕಿ ಬಂದದ್ದು ಅಲ್ಲಿಂದಲೇ. 1569ರಲ್ಲಿ ಮರ್ಕೇಟರ್ ಹಡಗಿನವರಿಗಾಗಿ ರೂಪಿಸಿದ ಬಗೆಯ ನಕ್ಷೆ ಅದು. ದಿಕ್ಕು ಕೆಡದಂತೆ ಕಾಪಾಡುತ್ತದೆ, ಅದಕ್ಕೆ ಬದಲಾಗಿ ಧ್ರುವಗಳ ಕಡೆಯ ನೆಲವನ್ನೆಲ್ಲ ಹಿಗ್ಗಿಸುತ್ತದೆ. ಗ್ರೀನ್‌ಲ್ಯಾಂಡಿಗಿಂತ ಭಾರತ ಒಂದೂವರೆ ಪಟ್ಟು ದೊಡ್ಡದು. ನಕ್ಷೆಯಲ್ಲಿ ನೋಡಿದರೆ ಗ್ರೀನ್‌ಲ್ಯಾಂಡೇ ನಮ್ಮನ್ನು ನುಂಗುವಷ್ಟು ದೊಡ್ಡದಾಗಿ ಕಾಣುತ್ತದೆ. ಉತ್ತರಕ್ಕೆ ಹೋದಂತೆಲ್ಲ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವೆ: ಸಮಭಾಜಕದ ಮೇಲೆ 111 ಕಿಲೋಮೀಟರ್ ಅಗಲ ಇರುವ ಒಂದು ಡಿಗ್ರಿ, 71ನೇ ಅಕ್ಷಾಂಶದಲ್ಲಿ ಬರೀ 36 ಕಿಲೋಮೀಟರ್. 160 ಡಿಗ್ರಿಯನ್ನು ಎಲ್ಲಾದರೂ ದಾಟಲೇಬೇಕು ಎಂದಾದರೆ, ಅವು ಇಕ್ಕಟ್ಟಾಗಿರುವ ಕಡೆ ದಾಟುವುದೇ ಲಾಭ. ಮಕ್ಕಳಿಗೆ ಗೋಡೆಯ ನಕ್ಷೆಯೊಂದನ್ನೇ ತೋರಿಸಿ, ಗೋಳವನ್ನು ಸ್ಟಾಫ್ ರೂಮಿನ ಬೀರುವಿನಲ್ಲಿ ಬೀಗ ಹಾಕಿಡುವ ಶಾಲೆಗಳನ್ನು ನಾನು ಕಂಡಿದ್ದೇನೆ. ಅದು ನನಗೆ ಇವತ್ತಿಗೂ ಸಂಕಟದ ವಿಷಯ.

ಇಷ್ಟಾದ ಮೇಲೆ ಒಂದು ಮಾತು ಹೇಳಲೇಬೇಕು. ದಾರ ತೋರಿಸಿದ ಆ ದಾರಿಯಲ್ಲೇ ವಿಮಾನ ಹೋಗುವುದಿಲ್ಲ.

ಮೊದಲ ಅಡ್ಡಿ ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಕುಸಿದರೆ ಮೇಲಿನಿಂದ ಆಮ್ಲಜನಕದ ಮಾಸ್ಕು ಇಳಿಯುತ್ತದೆ ಎಂದು ಹೊರಡುವ ಮೊದಲು ತೋರಿಸುತ್ತಾರಲ್ಲ, ಸಾಮಾನ್ಯ ವಿಮಾನಗಳಲ್ಲಿ ಆ ಮಾಸ್ಕಿನ ಆಮ್ಲಜನಕ ಸಾಲುವುದು ಹದಿನೈದು-ಇಪ್ಪತ್ತು ನಿಮಿಷಕ್ಕೆ. ಅಷ್ಟರೊಳಗೆ ಪೈಲಟ್ ವಿಮಾನವನ್ನು ಮಾಮೂಲಿನಂತೆ ಉಸಿರಾಡಬಹುದಾದ ಎತ್ತರಕ್ಕೆ, ಅಂದರೆ ಸುಮಾರು 3 ಸಾವಿರ ಮೀಟರಿಗೆ ಇಳಿಸಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ಇಳಿಯಲು ಜಾಗವೇ ಇಲ್ಲ. ಹಿಮಾಲಯ ದಾಟಿದ ಮೇಲೂ ಸಾವಿರ ಕಿಲೋಮೀಟರಿಗೂ ಹೆಚ್ಚು ಇದೇ ಪರಿಸ್ಥಿತಿ. ಆದ್ದರಿಂದ ಅದನ್ನು ಪೂರ್ವಕ್ಕೋ ಪಶ್ಚಿಮಕ್ಕೋ ಬಳಸಿ ಹೋಗುತ್ತಾರೆ.

ಎರಡನೆಯದು ಎಂಜಿನ್ನುಗಳ ಪ್ರಶ್ನೆ. ಈಗಿನ ದೂರದ ವಿಮಾನಗಳಲ್ಲಿ ಹೆಚ್ಚಿನವಕ್ಕೆ ಎರಡೇ ಎಂಜಿನ್. ಒಂದು ಕೈಕೊಟ್ಟರೆ ಇನ್ನೊಂದರ ಮೇಲೆ ಇಂತಿಷ್ಟು ನಿಮಿಷದೊಳಗೆ ತಲುಪಬಹುದಾದ ನಿಲ್ದಾಣ ದಾರಿಯುದ್ದಕ್ಕೂ ಇರಲೇಬೇಕು ಎಂಬ ನಿಯಮವಿದೆ. ಹಿಂದೆ ಅದು 60 ನಿಮಿಷವಿತ್ತು. 1985ರಲ್ಲಿ 120 ಆಯಿತು, ಈಗ ಕೆಲವು ವಿಮಾನಗಳಿಗೆ 300 ನಿಮಿಷಕ್ಕೂ ಮೀರಿ ಅನುಮತಿ ಇದೆ. ಇದು ಕಾಗದದ ಮೇಲಿನ ನಿಯಮ ಮಾತ್ರವಲ್ಲ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನದ ಎಂಜಿನ್ ಒಂದರಲ್ಲಿ ತೊಂದರೆ ಕಾಣಿಸಿಕೊಂಡು, ಅದು ರಷ್ಯಾದ ಮಗದಾನ್ ಎಂಬ ದೂರದ ಊರಿನಲ್ಲಿ ಇಳಿಯಬೇಕಾಯಿತು. 216 ಪ್ರಯಾಣಿಕರೂ ಕ್ಷೇಮವಾಗಿ ಇಳಿದರು. ದಾರಿ ಗೆರೆ ಎಳೆಯುವವರು ಮಗದಾನ್‌ನಂಥ ಊರುಗಳನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ.

ಇನ್ನು ದೇಶಗಳ ಜಗಳ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಆಕಾಶ ಅಮೆರಿಕ ಮತ್ತು ಯುರೋಪಿನ ಕಂಪನಿಗಳಿಗೆ ಮುಚ್ಚಿಹೋಯಿತು. ಬೆಂಗಳೂರಿಗೆ ನೇರ ವಿಮಾನ ಹಾರಿಸುತ್ತೇವೆ ಎಂದು ಘೋಷಿಸಿದ್ದ ಯುನೈಟೆಡ್ ಏರ್‌ಲೈನ್ಸ್ ಆ ಯೋಜನೆಯನ್ನು ಮುಂದೂಡಿತು. ಭಾರತದ ವಿಮಾನಗಳಿಗೆ ಪಾಕಿಸ್ತಾನ ತನ್ನ ಆಕಾಶವನ್ನು 2019ರಲ್ಲಿ ತಿಂಗಳುಗಟ್ಟಲೆ ಮುಚ್ಚಿತ್ತು, 2025ರ ಏಪ್ರಿಲ್‌ನಲ್ಲಿ ಮತ್ತೆ ಮುಚ್ಚಿತು. ಆಗೆಲ್ಲ ದೆಹಲಿಯಿಂದ ಯುರೋಪಿಗೆ ಹೋಗುವ ನಮ್ಮ ವಿಮಾನಗಳು ಗುಜರಾತಿನ ಕಡೆ ತಿರುಗಿ ಅರಬ್ಬಿ ಸಮುದ್ರದ ಮೇಲೆ ಸುತ್ತಿಕೊಂಡು ಹೋಗಬೇಕಾಯಿತು. ಊರುಗಳು ಇದ್ದಲ್ಲೇ ಇವೆ, ದೂರ ಮಾತ್ರ ರಾತ್ರೋರಾತ್ರಿ ಹೆಚ್ಚಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾರಣ ಗಾಳಿ. ಪ್ರಯಾಣದ ಹೊತ್ತನ್ನು ತೀರ್ಮಾನಿಸುವುದರಲ್ಲಿ ಗಾಳಿಯ ಪಾಲು ಎಷ್ಟು ದೊಡ್ಡದು ಎಂಬುದು ವಿಮಾನದಲ್ಲಿ ಕೂತವರ ಅರಿವಿಗೇ ಬರುವುದಿಲ್ಲ.

ಹಂಪಿಯ ಹತ್ತಿರ ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರು ಹುಟ್ಟು ಹಾಕುವವನನ್ನು ನೋಡಿರುತ್ತಾರೆ. ಅವನ ತೋಳಿನ ಕಸುವು ಒಂದೇ. ಹೊಳೆಯ ಜೊತೆ ಹೋದರೆ ದಡ ಓಡುತ್ತದೆ, ಎದುರು ಹೋದರೆ ಕಲ್ಲುಗಳು ನಿಂತಲ್ಲೇ ನಿಂತಿರುತ್ತವೆ. ವಿಮಾನವೂ ಗಾಳಿಯ ಹೊಳೆಯಲ್ಲಿ ತೇಲುವ ಹರಿಗೋಲೇ. ನೆಲದಿಂದ ಒಂಬತ್ತು-ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಸರಿಯಾಗಿ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಪ್ರವಾಹ ಹರಿಯುತ್ತದೆ. ಚಳಿಗಾಲದಲ್ಲಿ ಜಪಾನಿನ ಬಳಿ ಅದರ ವೇಗ ಕೆಲವೊಮ್ಮೆ ಗಂಟೆಗೆ 300 ಕಿಲೋಮೀಟರ್ ಮೀರುತ್ತದೆ. ಗಾಳಿಗೆ ಹೋಲಿಸಿದರೆ ವಿಮಾನದ ವೇಗ ಗಂಟೆಗೆ ಸುಮಾರು 900. 14,500 ಕಿಲೋಮೀಟರ್ ದಾರಿಯಲ್ಲಿ ಸರಾಸರಿ 60 ಕಿಲೋಮೀಟರ್ ವೇಗದ ಗಾಳಿ ಬೆನ್ನಿಗಿದ್ದರೆ ಹದಿನೈದು ಗಂಟೆ ಸಾಕು. ಅಷ್ಟೇ ಗಾಳಿ ಎದುರಾದರೆ ಹದಿನೇಳೂಕಾಲು ಗಂಟೆ ಬೇಕು. ಅದೇ ವಿಮಾನ, ಅದೇ ದೂರ, ಎರಡು ಗಂಟೆಗೂ ಮೀರಿದ ವ್ಯತ್ಯಾಸ.

ಹೀಗಾಗಿ ಉದ್ದದ ದಾರಿಯೇ ಬೇಗ ಮುಟ್ಟಿಸುವುದುಂಟು. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಕಡೆಯಿಂದ ಬಿಡಿಸಿ ಪೆಸಿಫಿಕ್ ಮೇಲೆ ಕಳಿಸಿತು. ದೂರ 13,900 ಕಿಲೋಮೀಟರಿನಿಂದ 15,300ಕ್ಕೆ ಏರಿತು, ಅಂದರೆ 1,400 ಹೆಚ್ಚು. ತಲುಪಿದ್ದು ಮಾತ್ರ ಹದಿನಾಲ್ಕೂವರೆ ಗಂಟೆಯಲ್ಲಿ, ಹಿಂದಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಮುಂಚೆ. ಇನ್ನೂ ಸೊಗಸಾದ ಉದಾಹರಣೆ 2005ರ ನವೆಂಬರಿನದು. ಬೋಯಿಂಗ್ ಕಂಪನಿ ತನ್ನ 777-200ಎಲ್‌ಆರ್ ವಿಮಾನ ಎಷ್ಟು ದೂರ ಹಾರಬಲ್ಲದು ಎಂದು ತೋರಿಸಲು ಅದನ್ನು ಹಾಂಗ್‌ಕಾಂಗ್‌ನಿಂದ ಲಂಡನ್ನಿಗೆ ಪೂರ್ವಾಭಿಮುಖವಾಗಿ, ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ಎಲ್ಲ ದಾಟಿಸಿತು. ಎಲ್ಲೂ ಇಳಿಯದೆ 21,602 ಕಿಲೋಮೀಟರ್, 22 ಗಂಟೆ 42 ನಿಮಿಷ. ಪೂರ್ವ ದಿಕ್ಕು ಆರಿಸಿಕೊಂಡದ್ದು ಬೆನ್ನಿಗೆ ಗಾಳಿ ಸಿಗಲೆಂದು.

ಇಲ್ಲಿ ಪ್ರತಿ ವರ್ಷ ತರಗತಿಯಲ್ಲಿ ಯಾರಾದರೊಬ್ಬರು ಕೇಳುತ್ತಿದ್ದ ಪ್ರಶ್ನೆ ನೆನಪಾಗುತ್ತದೆ: "ಭೂಮಿ ತಿರುಗುತ್ತಲ್ಲ ಸಾರ್, ವಿಮಾನ ಮೇಲಕ್ಕೆ ಹೋಗಿ ಸುಮ್ಮನೆ ನಿಂತರೆ ಅಮೆರಿಕಾನೇ ಕೆಳಗೆ ಬರಲ್ವಾ?" ಒಳ್ಳೆಯ ಪ್ರಶ್ನೆ. ಓಡುವ ರೈಲಿನಲ್ಲಿ ಕೂತು ಕಡಲೆಕಾಯಿಯನ್ನು ಮೇಲಕ್ಕೆ ಎಸೆದರೆ ಅದು ಹಿಂದಿನ ಸೀಟಿಗೆ ಹೋಗುವುದಿಲ್ಲ, ನಿಮ್ಮ ಕೈಗೇ ಬೀಳುತ್ತದೆ. ಬೆಂಗಳೂರಿನ ನೆಲ ಗಂಟೆಗೆ 1,600 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಮೇಲಿನ ಗಾಳಿಯೂ, ರನ್‌ವೇ ಮೇಲೆ ನಿಂತ ವಿಮಾನವೂ ಅದರ ಜೊತೆಗೇ ಓಡುತ್ತಿವೆ. ತಿರುಗುವಿಕೆಯಿಂದ ವಿಮಾನಕ್ಕೆ ನೇರವಾಗಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಸಮಭಾಜಕದ ಬಿಸಿ ಗಾಳಿ ಧ್ರುವದ ಕಡೆ ಸಾಗುವಾಗ ಅದನ್ನು ಪೂರ್ವಕ್ಕೆ ಬಾಗಿಸಿ ಜೆಟ್ ಸ್ಟ್ರೀಮ್ ಹುಟ್ಟುವಂತೆ ಮಾಡುವುದು ಆ ತಿರುಗುವಿಕೆಯೇ. ಹುಡುಗರು ಕೇಳುವುದರಲ್ಲಿ ಸತ್ಯ ಇದೆ, ಅದು ಗಾಳಿಯ ಮೂಲಕ ಬರುತ್ತದೆ.

ಬೆಂಗಳೂರಿನ ನೇರ ವಿಮಾನದ ಕಥೆಯನ್ನೂ ಈ ಜಾಗದಲ್ಲೇ ಹೇಳಬೇಕು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ, ನಾಲ್ಕೂ ಮಂದಿ ಮಹಿಳಾ ಪೈಲಟ್‌ಗಳೊಂದಿಗೆ ಉತ್ತರ ಧ್ರುವದ ಮೇಲೆ ಹಾದು ಜನವರಿ 11ರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯಿತು. ಸುಮಾರು ಹದಿನೇಳು ಗಂಟೆ. ಮಹಾವೃತ್ತದ ದೂರ 14 ಸಾವಿರದ ಒಳಗೇ ಇದ್ದರೂ, ಅವರು ನಿಜವಾಗಿ ಹಾರಿದ್ದು ಸುಮಾರು 16 ಸಾವಿರ ಕಿಲೋಮೀಟರ್. ಧ್ರುವದ ಮೇಲೆ ಹೋಗುವುದು ಸಾಹಸಕ್ಕಾಗಿ ಮಾಡಿದ ಸುತ್ತು ಎಂದು ಆಗ ಕೆಲವರು ಭಾವಿಸಿದರು. ಮತ್ತೆ ಚಕ್ಕೋತ ನೋಡಿ. ಎರಡು ಊರುಗಳು ಬೆನ್ನಿಗೆ ಬೆನ್ನು ಕೊಟ್ಟಂತಿರುವುದರಿಂದ ದಾರವನ್ನು ಸರಿಯಾಗಿ ತೊಟ್ಟಿನ ಮೇಲೆ ಹಾಯಿಸಿದರೂ ಅದು ಉದ್ದವಾಗುವುದು ಅರ್ಧ ಸೆಂಟಿಮೀಟರ್ ಮಾತ್ರ. ಲೆಕ್ಕದಲ್ಲಿ 14,364 ಕಿಲೋಮೀಟರ್, ಅತಿ ಚಿಕ್ಕ ದಾರಿಗಿಂತ 375ರಷ್ಟು ಹೆಚ್ಚು. ಅಷ್ಟು ಕೊಟ್ಟು ಪೆಸಿಫಿಕ್ಕಿನ ಎದುರುಗಾಳಿಯನ್ನು ತಪ್ಪಿಸಬಹುದಾದರೆ ಅದು ಜಾಣತನ. ಉಳಿದ ಸುತ್ತು ಬೆಟ್ಟ, ಗಾಳಿ, ಅನುಮತಿಗಳದ್ದು. ಧ್ರುವದ ದಾರಿಗೆ ಅದರದೇ ಕಷ್ಟಗಳಿವೆ: ವಿಮಾನದ ಇಂಧನ ಮೈನಸ್ 40ರಿಂದ ಮೈನಸ್ 47 ಡಿಗ್ರಿಯ ಹೊತ್ತಿಗೆ ಹೆಪ್ಪುಗಟ್ಟಲು ಶುರುವಾಗುತ್ತದೆ, ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರಬಹುದು. ರೆಕ್ಕೆಯೊಳಗಿನ ಟ್ಯಾಂಕಿನ ಶಾಖವನ್ನು ಪೈಲಟ್‌ಗಳು ಕಣ್ಣಿಟ್ಟು ನೋಡುತ್ತಿರಬೇಕು.

ಇಂಧನದ ವಿಷಯಕ್ಕೆ ಬಂದರೆ, ಅಂದು ಹಾರಿದ 777-200ಎಲ್‌ಆರ್ ಮಾದರಿಯ ಟ್ಯಾಂಕುಗಳಲ್ಲಿ 1.81 ಲಕ್ಷ ಲೀಟರ್ ಹಿಡಿಯುತ್ತದೆ. ಪೆಟ್ರೋಲ್ ಬಂಕಿಗೆ ಬರುವ 12 ಸಾವಿರ ಲೀಟರಿನ ಟ್ಯಾಂಕರ್ ಲಾರಿಗಳನ್ನು ಹದಿನೈದು ಸಾಲಾಗಿ ನಿಲ್ಲಿಸಿಕೊಳ್ಳಿ. ಪೂರ್ತಿ ತುಂಬಿಕೊಂಡು ಏಳುವಾಗ ವಿಮಾನದ ತೂಕದಲ್ಲಿ ಐದರಲ್ಲಿ ಎರಡು ಪಾಲು ಇಂಧನದ್ದೇ. ದೂರ ಹೆಚ್ಚಿದಷ್ಟೂ ಇಂಧನ ಹೊರುವುದಕ್ಕೇ ಇನ್ನಷ್ಟು ಇಂಧನ ಸುಡಬೇಕು. ಇದರಲ್ಲಿ ಬೆಂಗಳೂರಿಗೆ ಒಂದು ಅನನುಕೂಲವೂ ಇದೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಕೊಲ್ಲಿಯ ನೀರಿನ ಅಂಚಿನಲ್ಲಿದೆ, ದೇವನಹಳ್ಳಿ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ನಮಗೆ ಹಿತವೆನಿಸುವ ಆ ಎತ್ತರದ ಗಾಳಿ ವಿಮಾನದ ರೆಕ್ಕೆಗೆ ತೆಳು. ಅದೇ ಭಾರಕ್ಕೆ ಉದ್ದ ಓಡಬೇಕು, ಇಲ್ಲವೇ ಭಾರ ಇಳಿಸಬೇಕು.

ಅದೆಲ್ಲ ಕೇಳಿಸಿಕೊಂಡ ಅತ್ತಿಗೆಗೆ ಇನ್ನೊಂದು ಅನುಮಾನ ಬಂತು. ಪಕ್ಕದ ಮನೆಯವರು ಸಿಂಗಪುರದ ಮೇಲೆ ಹೋದರಂತೆ, ನಾವು ಜರ್ಮನಿಯ ಮೇಲೆ ಹೋಗುವುದು ಸುತ್ತಾಗುವುದಿಲ್ಲವೇ? ಒಂದು ಪೂರ್ವ, ಒಂದು ಪಶ್ಚಿಮ. ಲೆಕ್ಕ ಮಾಡಿ ತೋರಿಸಿದೆ. ಬೆಂಗಳೂರು–ಫ್ರಾಂಕ್‌ಫರ್ಟ್ 7,400, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ 9,150, ಒಟ್ಟು ಹದಿನಾರೂವರೆ ಸಾವಿರದ ಮೇಲೆ ಚೂರು. ಬೆಂಗಳೂರು–ಸಿಂಗಪುರ 3,180, ಅಲ್ಲಿಂದ ಮುಂದೆ 13,590, ಒಟ್ಟು 16,770. ವಿರುದ್ಧ ದಿಕ್ಕುಗಳಲ್ಲಿ ಹೊರಟರೂ ಇರುವ ವ್ಯತ್ಯಾಸ ಇನ್ನೂರು ಕಿಲೋಮೀಟರ್. ದುಬೈ ಮೇಲೆ ಹೋದರೆ 15,700ರ ಆಸುಪಾಸು. ಗುಡ್ಡದ ಹಿಂದಿನ ಊರಿಗೆ ಎಡಗಡೆಯಿಂದ ಬಳಸಿದರೂ ಒಂದೇ, ಬಲಗಡೆಯಿಂದ ಬಳಸಿದರೂ ಒಂದೇ. ವಯಸ್ಸಾದವರು ಟಿಕೆಟ್ ಮಾಡಿಸುವಾಗ ಕಿಲೋಮೀಟರ್ ನೋಡುವುದಕ್ಕಿಂತ ನಡುವಿನ ನಿಲ್ದಾಣದಲ್ಲಿ ಎಷ್ಟು ಹೊತ್ತು ಸಿಗುತ್ತದೆ, ಒಮ್ಮೆಗೆ ಎಷ್ಟು ಗಂಟೆ ಕೂತಿರಬೇಕು ಎಂಬುದನ್ನು ನೋಡುವುದು ಒಳ್ಳೆಯದು. ಹತ್ತು ಗಂಟೆ, ಹನ್ನೊಂದೂವರೆ ಗಂಟೆಗಳ ಎರಡು ತುಂಡು ಅತ್ತಿಗೆಯ ಮಂಡಿಗೆ ಸರಿಹೋಗುತ್ತದೆ ಎಂದೇ ಆ ಟಿಕೆಟ್ ಆರಿಸಿದ್ದು.

ಈಗ ಗಡಿಯಾರ. ಭಾರತದ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ಕ್ಯಾಲಿಫೋರ್ನಿಯಾದ ಚಳಿಗಾಲದ ಸಮಯ ಎಂಟು ಗಂಟೆ ಹಿಂದೆ. ಕೂಡಿದರೆ ಹದಿಮೂರೂವರೆ. (ಮಾರ್ಚ್‌ನಿಂದ ನವೆಂಬರ್‌ವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಆಗ ಹನ್ನೆರಡೂವರೆ.) ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. 3.30ರಿಂದ 2 ಗಂಟೆಯವರೆಗೆ ಕಾಣುವ ಹತ್ತೂವರೆ ಗಂಟೆಗೆ ಈ ಹದಿಮೂರೂವರೆ ಸೇರಿಸಿ, ಇಪ್ಪತ್ತನಾಲ್ಕು. ಅದರಲ್ಲಿ ಇಪ್ಪತ್ತೊಂದೂವರೆ ವಿಮಾನದೊಳಗೆ, ಎರಡೂವರೆ ಫ್ರಾಂಕ್‌ಫರ್ಟ್‌ನಲ್ಲಿ. ಈ ವಿಮಾನದ ಗಂಟೆಗಳಲ್ಲೂ ಗೇಟಿನಿಂದ ರನ್‌ವೇವರೆಗೆ ಉರುಳುವ ಹೊತ್ತು, ಇಳಿದ ಮೇಲೆ ಗೇಟು ಸೇರುವ ಹೊತ್ತು ಸೇರಿಕೊಂಡಿರುತ್ತವೆ. ಫೋನು ದೂರವನ್ನು 900ರಿಂದ ಭಾಗಿಸಿ ಕೊಡುವ ಉತ್ತರಕ್ಕಿಂತ ಟಿಕೆಟ್ಟಿನ ಹೊತ್ತು ಯಾವಾಗಲೂ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

ಪೆಸಿಫಿಕ್ ಮೇಲೆ ಪೂರ್ವಕ್ಕೆ ಹೋಗುವವರಿಗೆ ಲೆಕ್ಕ ಬೇರೆ ಥರ ಕಂಡರೂ ಉತ್ತರ ಅದೇ. ಅವರು ದಾರಿಯುದ್ದಕ್ಕೂ ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತ ಹೋಗುತ್ತಾರೆ, ಒಟ್ಟು ಹತ್ತೂವರೆ ಗಂಟೆ. ಆದರೆ ಸಾಗರದ ನಡುವೆ ದಿನಾಂಕ ರೇಖೆ ದಾಟಿದಾಗ ಪೂರ್ತಿ ಒಂದು ದಿನ ಹಿಂದಕ್ಕೆ ಹೋಗಬೇಕು. ಇಪ್ಪತ್ತನಾಲ್ಕರಲ್ಲಿ ಹತ್ತೂವರೆ ಕಳೆದರೆ ಹದಿಮೂರೂವರೆ. ಮೆಗಲನ್ನನ ಹಡಗಿನಲ್ಲಿ ಬದುಕುಳಿದವರು 1522ರಲ್ಲಿ ಪಶ್ಚಿಮಾಭಿಮುಖವಾಗಿ ಭೂಮಿ ಸುತ್ತಿ ಬಂದಾಗ ಅವರ ದಿನಚರಿಯಲ್ಲಿ ಬುಧವಾರ, ದಡದಲ್ಲಿದ್ದವರಿಗೆ ಗುರುವಾರ. ದಿನ ತಪ್ಪದೆ ಬರೆದಿಟ್ಟವರೇ ಒಂದು ದಿನ ಕಳೆದುಕೊಂಡಿದ್ದರು.

ಅತ್ತಿಗೆಗೆ ಇದರಲ್ಲಿ ಮುಖ್ಯವಾದದ್ದು ಬಿ.ಪಿ. ಮಾತ್ರೆ. ಗಡಿಯಾರ ನೋಡಿ ನುಂಗಿದರೆ ಎಡವಟ್ಟಾದೀತು ಎಂದು ಡಾಕ್ಟರನ್ನು ಕೇಳಿ, ಕೊನೆಯ ಮಾತ್ರೆಯಿಂದ ಎಷ್ಟು ಗಂಟೆಗೆ ಮುಂದಿನದು ಎಂದು ಒಂದು ಚೀಟಿಯಲ್ಲಿ ಬರೆಸಿಕೊಂಡೆವು. ಟಿಕೆಟ್ಟಿನಲ್ಲಿ ಇಲ್ಲದ ಗಂಟೆಗಳನ್ನೂ ಅದೇ ಚೀಟಿಯ ಹಿಂದೆ ಬರೆದೆ. ಮೈಸೂರಿನಿಂದ ದೇವನಹಳ್ಳಿಗೆ ಫ್ಲೈಬಸ್ಸಿನಲ್ಲಿ ನಾಲ್ಕು ಗಂಟೆ, ಮೂರು ಗಂಟೆ ಮೊದಲೇ ನಿಲ್ದಾಣ ಸೇರಬೇಕು, ಅಲ್ಲಿ ಇಳಿದ ಮೇಲೆ ಇಮಿಗ್ರೇಷನ್ ಸಾಲಿಗೆ ಒಂದೋ ಎರಡೋ ಗಂಟೆ. ಅಂಟಿನುಂಡೆ ಡಬ್ಬಿಯ ತಳದಲ್ಲಿ ಆ ಚೀಟಿ ಇಟ್ಟರು. ಗುರುವಾರ ಸಂಜೆ ಮೈಸೂರು ಬಿಟ್ಟವರು ಮಗಳ ಮನೆ ಮುಟ್ಟುವ ಹೊತ್ತಿಗೆ ಮೂವತ್ತಮೂರು ಗಂಟೆ ಮೀರಿತ್ತು.

ಇಮಿಗ್ರೇಷನ್ ಮುಗಿಸಿ ಹೊರಬಂದೊಡನೆ ಫೋನ್ ಮಾಡಿದರು. ಇಲ್ಲಿ ಶನಿವಾರ ಬೆಳಗಿನ ಜಾವ ಐದೂವರೆ, ಅಲ್ಲಿ ಶುಕ್ರವಾರ ಸಂಜೆ ನಾಲ್ಕು. ಎರಡನೇ ವಿಮಾನದಲ್ಲಿ ಸೀಟಿನ ಮುಂದಿನ ಪರದೆಯಲ್ಲಿ ವಿಮಾನ ಮೇಲಕ್ಕೆ ಮೇಲಕ್ಕೆ ಹೋಗುತ್ತಿತ್ತಂತೆ. ಗ್ರೀನ್‌ಲ್ಯಾಂಡ್ ಎಂದು ಬರೆದಿತ್ತಂತೆ. ಪಕ್ಕದವರು ದಾರಿ ತಪ್ಪಿತೇನೋ ಅಂದಾಗ, ಇಲ್ಲ, ದಾರ ಹಾಗೇ ಹೋಗೋದು ಎಂದು ಇವರೇ ಹೇಳಿದರಂತೆ. "ಕಿಟಕಿಯಾಚೆ ಎಲ್ಲ ಬೆಳ್ಳಗೆ, ಗಟ್ಟಿ ಮೊಸರಿನ ಹಾಗೆ. ಮಧ್ಯಾಹ್ನಾನೇ ಸೂರ್ಯ ಅಂಚಿನಲ್ಲಿ ಕೂತಿದ್ದ, ಮುಳುಗಲೇ ಇಲ್ಲ" ಅಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಅಲ್ವೋ, ನಾನು ಶನಿವಾರ ಒಪ್ಪೊತ್ತು ಮಾಡೋಳು. ನಿಮಗೆ ಆಗಲೇ ಶನಿವಾರ ಬಂತು. ಇಲ್ಲಿ ಮಗಳು ಊಟ ಮಾಡಮ್ಮ ಅಂತಿದಾಳೆ, ಮಾಡ್ಲೋ ಬೇಡ್ವೋ?"

"ಅಲ್ಲಿನ್ನೂ ಶುಕ್ರವಾರ ಅತ್ತಿಗೆ, ಹೊಟ್ಟೆ ತುಂಬ ಊಟ ಮಾಡಿ ಮಲಗಿ" ಅಂದೆ. ಅವರ ಪಾಲಿಗೆ ಆ ಶುಕ್ರವಾರ ಮೂವತ್ತೇಳೂವರೆ ಗಂಟೆಯದು. ಮುಗಿಯಲು ಇನ್ನೂ ಎಂಟು ಗಂಟೆ ಬಾಕಿ ಇತ್ತು.